ನಂಗಲಿ ದಾಟಿದ ಮೇಲೆ ಹಿಂದಕ್ಕೆ ತಿರುಗಬೇಡ

ಮಗಳೇ,

ನಿನ್ನೆ ರಾತ್ರಿ ನಿಮ್ಮಮ್ಮ ಫೋನು ಮಾಡಿದ್ದಳು. ಮುಂದಿನ ತಿಂಗಳು ದುಬೈಯಿಂದ ಬರುತ್ತೀಯಂತೆ. ಬಂದ ವಾರಕ್ಕೆ ಮುಳಬಾಗಿಲಿನಲ್ಲಿ ಸೀಮಂತ. ಅದಾದ ಮೇಲೆ ಮಾಲೂರಿನಲ್ಲಿ ಅತ್ತೆ ಮನೆಯವರ ಊಟ, ಶ್ರೀನಿವಾಸಪುರದಲ್ಲಿ ಚಿಕ್ಕಮ್ಮನ ಮನೆಯ ಮಡಿಲು ತುಂಬುವುದು, ಕೊನೆಗೆ ಎಲ್ಲರೂ ಒಂದು ಇನ್ನೋವಾ ಮಾಡಿಕೊಂಡು ಕಾಣಿಪಾಕ, ತಿರುಪತಿ. "ಹರಕೆ ಕಣಕ್ಕಾ, ನೀನು ಮಾತ್ರ ಬೇಡ ಅನ್ನಬೇಡ" ಅಂದಳು. ನಾನು ಬೇಡ ಅನ್ನಲಿಲ್ಲ. ಎಷ್ಟನೇ ವಾರ ಅಂತ ಕೇಳಿದೆ. "ಏಳು ತುಂಬಿ ಎಂಟಕ್ಕೆ ಬಿದ್ದಿರುತ್ತೆ" ಅಂದಳು. ನಾನು ಕೇಳಿದ್ದು ವಾರ, ಅವಳು ಹೇಳಿದ್ದು ತಿಂಗಳು. ಅದಕ್ಕೇ ಈ ಕಾಗದ.

ಬಸುರಿಗೆ ಇಂಥದ್ದನ್ನೆಲ್ಲ ಹೇಳಬಾರದು ಅಂತ ಅವಳು ಗೊಣಗುತ್ತಾಳೆ, ಗೊಣಗಲಿ. ಮೂವತ್ತು ವರ್ಷದ ಮೇಲೆ ಈ ತಾಲ್ಲೂಕಿನಲ್ಲಿ ಎ.ಎನ್.ಎಂ. ಆಗಿ ಬಸ್ಸು, ಟ್ರ್ಯಾಕ್ಟರು, ಹಾಲಿನ ವ್ಯಾನು ಸಿಕ್ಕಿದ್ದನ್ನೆಲ್ಲ ಹತ್ತಿ ಹೆರಿಗೆ ಮಾಡಿಸಿದವಳು ನಾನು. ಮೊದಮೊದಲು ಎಷ್ಟು ಕೂಸು ಅಂತ ಡೈರಿಯಲ್ಲಿ ಲೆಕ್ಕ ಇಡುತ್ತಿದ್ದೆ, ಆಮೇಲೆ ಬಿಟ್ಟೆ. ಈಗಲೂ ಸಂತೆಗೆ ಹೋದರೆ ಮೀಸೆ ಬಂದ ಗಂಡಸರು "ನರ್ಸಮ್ಮಾ, ನಾನು ನಿಮ್ಮ ಕೈಯಲ್ಲೇ ಹುಟ್ಟಿದ್ದಂತೆ" ಅಂತ ಕಾಲಿಗೆ ಬೀಳುತ್ತಾರೆ.

ನಂಗಲಿಯ ಒಂದು ರಾತ್ರಿ ಹೇಳುತ್ತೇನೆ ಕೇಳು. ಜಿಎಸ್‌ಟಿ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು. ಆಗ ನಂಗಲಿ ಚೆಕ್‌ಪೋಸ್ಟ್ ಅಂದರೆ ಲಾರಿಗಳ ಜಾತ್ರೆ. ನಾನು ಹತ್ತಿರದ ಸಬ್‌ಸೆಂಟರಿನ ಕ್ವಾರ್ಟರ್ಸಿನಲ್ಲಿದ್ದೆ. ರಾತ್ರಿ ಹತ್ತೂವರೆಗೆ ಯಾರೋ ಬಾಗಿಲು ಬಡಿದರು. ಕೊಲ್ಲಿಯಿಂದ ರಜೆಗೆ ಬಂದ ಮನೆಯವರು, ಪಲಮನೇರಿಗೆ ಮದುವೆಗೆ ಹೊರಟಿದ್ದವರು. ಹುಡುಗಿಗೆ ಮೂವತ್ತಮೂರನೇ ವಾರ. ಗಡಿ ದಾಟಿ ಮುಂದೆ ಹೋಗಿ, ಪಲಮನೇರು ಇನ್ನು ಹತ್ತು ಕಿಲೋಮೀಟರ್ ಇದೆ ಅನ್ನುವಾಗ ನೀರು ಹೋಗಿದೆ. ಹತ್ತೇ ಕಿಲೋಮೀಟರ್ ಮುಂದಕ್ಕೆ ಹೋಗಿದ್ದರೆ ಆಸ್ಪತ್ರೆಯ ಮಂಚ. ಆದರೆ ಹಿರಿಯರು ಏನಂದರು ಗೊತ್ತೆ? "ಆಂಧ್ರದಲ್ಲಿ ಹೆರಿಗೆ ಯಾಕೆ, ನಮ್ಮ ಡಾಕ್ಟ್ರು ಕೋಲಾರದಲ್ಲಿದಾರೆ, ತಿರುಗಿಸು ಗಾಡಿ." ತಿರುಗಿಸಿದರು. ಬಂದ ದಾರಿಯನ್ನೇ ಮತ್ತೆ ಬಂದು ಚೆಕ್‌ಪೋಸ್ಟಿನ ಲಾರಿ ಸಾಲಿಗೆ ಸಿಕ್ಕಿಕೊಂಡರು. ಆ ಸಾಲಿನಲ್ಲೇ ಕೂಸು ಬಂತು.

ನಾನು ಟಾರ್ಚು ಹಿಡಿದು ಓಡಿದಾಗ ಕಾರಿನೊಳಗೆ ಏಸಿ ಓಡುತ್ತಿತ್ತು. ಹುಡುಗಿಗೆ ಸೆಕೆ ಆಗುತ್ತೆ ಅಂತ ಯಾರೋ ಜೋರು ಮಾಡಿದ್ದರು. ಕೂಸು ಒದ್ದೆ ಮೈಯಲ್ಲಿ ಸೀಟಿನ ಮೇಲೆ ಇತ್ತು. ಪಾದ ನೇರಳೆ ಹಣ್ಣಿನ ಬಣ್ಣ. ಅಳು ಅಂದರೆ ಬೆಕ್ಕಿನ ಮರಿಯ ದನಿ. ಮೊದಲು ಏಸಿ ಆರಿಸಿದೆ. ಒರೆಸುವುದಕ್ಕೆ ಬಟ್ಟೆ ಕೊಡಿ ಅಂದೆ. ಮದುವೆ ಗಂಡಿಗೆ ಅಂತ ತಂದಿದ್ದ ಹೊಸ ಪಂಚೆ, ಶಲ್ಯ ಡಿಕ್ಕಿಯಲ್ಲಿತ್ತು. ಪಂಚೆಯಲ್ಲಿ ತಲೆಯಿಂದ ಕಾಲಿನವರೆಗೆ ಒತ್ತಿ ಒತ್ತಿ ಒರೆಸಿ, ಒದ್ದೆಯಾದದ್ದನ್ನು ಆಚೆ ಎಸೆದು, ತಾಯಿಯ ರವಿಕೆ ಬಿಚ್ಚಿಸಿ ಎದೆಯ ಮೇಲೆ ಬರೀಮೈಯಲ್ಲಿ ಕವುಚಿ ಮಲಗಿಸಿದೆ. ಮೇಲೆ ಶಲ್ಯ ಹೊದಿಸಿ, ಅದರ ಚುಂಗಿನಿಂದಲೇ ತಲೆಗೆ ಸುತ್ತಿದೆ. ಐದು ನಿಮಿಷಕ್ಕೆ ಅಳು ಬಲಿಯಿತು. ಅಜ್ಜಿ ಬ್ಲೇಡು ಹುಡುಕುತ್ತಿದ್ದರು, ಹೊಕ್ಕುಳಬಳ್ಳಿ ಕತ್ತರಿಸಲಿಕ್ಕೆ. ಅವರ ಕೈ ಹಿಡಿದು ಕೂರಿಸಿದೆ. ನನ್ನ ಚೀಲದಲ್ಲಿ ಕುದಿಸಿ ಇಟ್ಟ ಕತ್ತರಿ, ದಾರ ಇತ್ತು. ಇಲ್ಲದಿದ್ದರೂ ಕತ್ತರಿಸುವ ಅವಸರವೇನಿರಲಿಲ್ಲ. ಬಳ್ಳಿ ಇದ್ದ ಹಾಗೆಯೇ ತಾಯಿ ಮಗುವನ್ನು ಒಟ್ಟಿಗೆ ಆಸ್ಪತ್ರೆಗೆ ಸಾಗಿಸಬಹುದು. ತುಕ್ಕು ಬ್ಲೇಡಿಗಿಂತ ಅದು ಸಾವಿರ ಪಾಲು ಮೇಲು.

ಆ ಕೂಸು ಉಳಿಯಿತು, ಒಂದು ಕಿಲೋ ಆರುನೂರು ಗ್ರಾಂ ಇತ್ತು. ಆದರೆ ಉಳಿಯದೆ ಹೋಗಬಹುದಿತ್ತು, ಅದೂ ಊರಿನ ಮೇಲಿನ ಅಭಿಮಾನಕ್ಕೆ. ನಿನಗೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ನೋವು ಬಂದಾಗ ಹತ್ತಿರ ಇರುವ ಆಸ್ಪತ್ರೆಯೇ ನಿನ್ನ ತವರು. ಅದು ಕರ್ನಾಟಕದಲ್ಲಿದೆಯೋ ಆಂಧ್ರದಲ್ಲಿದೆಯೋ ತಮಿಳುನಾಡಿನಲ್ಲಿದೆಯೋ ಆಮೇಲೆ ವಿಚಾರಿಸಿಕೊಳ್ಳೋಣ.

ಯಾಕೆ ಹತ್ತಿರದ್ದಕ್ಕೇ ಹೋಗಬೇಕು ಅನ್ನುವುದಕ್ಕೆ ಹೆರಿಗೆ ಮಾಡಿಸುವುದೊಂದೇ ಕಾರಣ ಅಲ್ಲ. ದಿನ ತುಂಬದ ಕೂಸಿಗೆ ಶ್ವಾಸಕೋಶ ಬಲಿತಿರುವುದಿಲ್ಲ. ಅದನ್ನು ಬೇಗ ಬಲಿಸುವುದಕ್ಕೆ ತಾಯಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, 24ರಿಂದ 34 ವಾರದೊಳಗೆ. ಇದರ ಕತೆ ಚೆನ್ನಾಗಿದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಲಿಗ್ಗಿನ್ಸ್ ಅನ್ನುವ ಡಾಕ್ಟರು ಕುರಿಗಳ ಮೇಲೆ ಏನೋ ಪರೀಕ್ಷೆ ಮಾಡುತ್ತಿದ್ದರು. ಈ ಔಷಧಿ ಬಿದ್ದಿದ್ದ ಮರಿಗಳು ದಿನ ತುಂಬದೆ ಹುಟ್ಟಿದರೂ ಉಸಿರಾಡಿದವು. ಹೋವಿ ಅನ್ನುವ ಇನ್ನೊಬ್ಬ ಡಾಕ್ಟರ ಜೊತೆ ಸೇರಿ ಅದನ್ನೇ ಬಸುರಿಯರಿಗೆ ಕೊಟ್ಟು ನೋಡಿ 1972ರಲ್ಲಿ ಪ್ರಕಟಿಸಿದರು. ಕುರಿ ಸಾಕುವ ನಮ್ಮ ಸೀಮೆಯವರಿಗೆ ಇದನ್ನು ಹೇಳಿದರೆ ತಕ್ಷಣ ಅರ್ಥವಾಗುತ್ತಿತ್ತು. ನಮ್ಮ ದೇಶದಲ್ಲಿ 2014ರಿಂದ ನಮ್ಮಂಥ ಎ.ಎನ್.ಎಂ.ಗಳೂ ದೊಡ್ಡ ಆಸ್ಪತ್ರೆಗೆ ಕಳಿಸುವ ಮುಂಚೆ ಮೊದಲ ಡೋಸು ಡೆಕ್ಸಾಮೆಥಸೋನ್ ಕೊಡಬಹುದು ಅಂತ ಆಯಿತು. ಆ ಇಂಜೆಕ್ಷನ್ ಕೆಲಸ ಮಾಡುವುದಕ್ಕೆ ಸಮಯ ಬೇಕು. ಹತ್ತಿರದ ಆಸ್ಪತ್ರೆಯಲ್ಲಿ ಬೇಗ ಬಿದ್ದರೆ ಕೂಸಿಗೆ ಅಷ್ಟು ಗಂಟೆ ಹೆಚ್ಚು ಸಿಕ್ಕಿತು. ನಂಗಲಿಯ ಆ ಹುಡುಗಿಗೆ ಸಿಗಬೇಕಾದ ಗಂಟೆಗಳು ಲಾರಿ ಸಾಲಿನಲ್ಲಿ ಹೋದವು.

ಹೆರಿಗೆ ಇನ್ನೂ ದೂರ ಇದೆ ಅಂತ ಹತ್ತಿರದ ಆಸ್ಪತ್ರೆಯವರಿಗೆ ಅನ್ನಿಸಿದರೆ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಅವರೇ ಕಳಿಸುತ್ತಾರೆ. ಎಷ್ಟು ಗಂಟೆಗೆ ಯಾವ ಇಂಜೆಕ್ಷನ್ ಕೊಟ್ಟರು ಅಂತ ಚೀಟಿಯಲ್ಲಿ ಬರೆಸಿಕೊ. ದಿನ ತುಂಬದ ಕೂಸನ್ನು ಸಾಗಿಸುವುದಕ್ಕೆ ತಾಯಿಯ ಹೊಟ್ಟೆಗಿಂತ ಒಳ್ಳೆಯ ಗಾಡಿ ಇಲ್ಲ. ಹುಟ್ಟಿಸಿ ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿಟ್ಟುಕೊಂಡೇ ಸಾಗಿಸುವುದು ಯಾವತ್ತೂ ಮೇಲು.

ಈಗ ದಾರಿಯ ಮಾತು. ನಮ್ಮ ಕೋಲಾರ ಜಿಲ್ಲೆ ಒಂದು ಮೂಲೆ. ಇತ್ತ ಆಂಧ್ರ, ಅತ್ತ ತಮಿಳುನಾಡು. ನಿನ್ನ ನೆಂಟರ ಮನೆಗಳೆಲ್ಲ ಗಡಿಗೆ ಅಂಟಿಕೊಂಡೇ ಇವೆ. ವಿಮಾನ ಇಳಿದು ಹೊಸಕೋಟೆ ಮೇಲೆ ಬರುವಾಗ ನರಸಾಪುರದ ಫ್ಯಾಕ್ಟರಿಗಳ ಶಿಫ್ಟು ಬಿಡುವ ಹೊತ್ತು ತಪ್ಪಿಸಿಕೊ, ಬಸ್ಸುಗಳ ಸಾಲೇ ಸಾಲು. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಜಾಲಪ್ಪ ಆಸ್ಪತ್ರೆ ಇದೆ, ಮಿಷನ್‌ನವರ ಇ.ಟಿ.ಸಿ.ಎಂ. ಇದೆ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಮೂರರಲ್ಲೂ ತಾಲ್ಲೂಕು ಆಸ್ಪತ್ರೆ ಇವೆ. ನಂಗಲಿ ದಾಟಿ ಮುಂದೆ ಹೋಗಿಬಿಟ್ಟಿದ್ದರೆ ಪಲಮನೇರು, ಆಮೇಲೆ ಚಿತ್ತೂರು. ಶ್ರೀನಿವಾಸಪುರದಿಂದ ರಾಯಲಪಾಡಿನ ಕಡೆ ಹೋಗಿದ್ದರೆ ಮದನಪಲ್ಲಿ. ಕೆಜಿಎಫ್ ದಾಟಿದ್ದರೆ ಕುಪ್ಪಂನ ಮೆಡಿಕಲ್ ಕಾಲೇಜು. ಮಾಲೂರಿನಿಂದ ದಕ್ಷಿಣಕ್ಕೆ ಇಳಿದಿದ್ದರೆ ಹೊಸೂರು. ತಿರುಪತಿ ತಲುಪಿಯೇಬಿಟ್ಟಿದ್ದರೆ ಅಲ್ಲಿ ಹೆರಿಗೆಗೇ ಅಂತ ಪ್ರತ್ಯೇಕ ಸರ್ಕಾರಿ ಆಸ್ಪತ್ರೆ ಇದೆ. ಹೊರಡುವ ಮುಂಚೆ ಈ ಹೆಸರುಗಳನ್ನು ಅಳಿಯಂದಿರು ಒಂದು ಚೀಟಿಯಲ್ಲಿ ಬರೆದು ಡ್ರೈವರ್ ಕೈಗೆ ಕೊಡಲಿ. ಮೊಬೈಲಿನಲ್ಲಿ ನೋಡೋಣ ಅನ್ನಬೇಡಿ. ಆ ಹೊತ್ತಿಗೆ ಸಿಗ್ನಲ್ ಇರುವುದಿಲ್ಲ, ಇದ್ದರೂ ಕೈ ನಡುಗುತ್ತಿರುತ್ತದೆ.

ಹೊಸ ಎಕ್ಸ್‌ಪ್ರೆಸ್‌ವೇ ಆಗಿದೆ, ಹೊಸಕೋಟೆಯಿಂದ ಮಾಲೂರು ಪಕ್ಕದಲ್ಲೇ ಕೆಜಿಎಫ್ ಕಡೆಗೆ ನುಣ್ಣಗೆ ಹೋಗುತ್ತದೆ, ಹುಡುಗರೆಲ್ಲ ಅದರಲ್ಲೇ ಹೋಗೋಣ ಅನ್ನುತ್ತಾರೆ. ನೀನು ಹಳೇ ಹೈವೇಯಲ್ಲೇ ಬಾ. ಎಕ್ಸ್‌ಪ್ರೆಸ್‌ವೇಯಲ್ಲಿ ಇಳಿಯುವ ದಾರಿ ಅಪರೂಪ, ಅಕ್ಕಪಕ್ಕ ಊರಿಲ್ಲ, ಒಂದು ಮೆಡಿಕಲ್ ಸ್ಟೋರೂ ಕಾಣುವುದಿಲ್ಲ. ಹಳೇ ರಸ್ತೆಯಲ್ಲಿ ಹಂಪು ಜಾಸ್ತಿ ಇದ್ದರೂ ನಾಲ್ಕು ಕಿಲೋಮೀಟರಿಗೆ ಒಂದು ಊರು, ನಾಲ್ಕು ಜನ ಹೆಂಗಸರು ಸಿಗುತ್ತಾರೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿ ರಸ್ತೆಗೆ ಮಾತ್ರ ಹೋಗಬೇಡ. ಟ್ರ್ಯಾಕ್ಟರು, ಟೆಂಪೋ ಎಲ್ಲ ಅಡ್ಡಾದಿಡ್ಡಿ ನಿಂತಿರುತ್ತವೆ. ಚಿಕ್ಕಮ್ಮನ ಮನೆಗೆ ಹೋಗುವುದಿದ್ದರೆ ಬೆಳಿಗ್ಗೆ ಬೇಗ ಹೋಗಿ ಬಾ.

108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆಂಧ್ರದಲ್ಲಿ 2005ರಲ್ಲಿ ಶುರುವಾಯಿತು, ನಮ್ಮಲ್ಲಿ ಆರೋಗ್ಯ ಕವಚ ಅಂತ 2008ರ ರಾಜ್ಯೋತ್ಸವದ ದಿನ ಬಂತು. ಗಡಿಯಲ್ಲಿರುವವರು ಒಂದು ವಿಷಯ ತಿಳಿದಿರಬೇಕು. ಗಡಿಯ ಹತ್ತಿರ ನಿನ್ನ ಫೋನು ಆ ಕಡೆಯ ಟವರ್ ಹಿಡಿದಿದ್ದರೆ ಕರೆ ಆ ಕಡೆಯವರಿಗೆ ಹೋಗಬಹುದು. ಆಗ ಗಾಬರಿಯಾಗಿ ಕಟ್ ಮಾಡಬೇಡ. ನೋವು ಬಂದಿದೆ, ನೀರು ಹೋಗಿದೆ ಅನ್ನುವುದನ್ನು ತೆಲುಗಿನಲ್ಲಿ "ನೊಪ್ಪುಲು ವಚ್ಚಿನಾಯಿ, ಉಮ್ಮನೀರು ಪೋಯಿಂದಿ" ಅನ್ನು, ಊರಿನ ಹೆಸರು ಹೇಳು, ಕಿಲೋಮೀಟರ್ ಕಲ್ಲಿನ ಮೇಲೆ ಏನಿದೆ ಓದು. ನಮ್ಮ ಮುಳಬಾಗಿಲಿನವರಿಗೆ ತೆಲುಗು ಕಲಿಸಬೇಕೇ? ನೀನು ಚಿಕ್ಕವಳಿದ್ದಾಗ ಅಜ್ಜಿಯ ಹತ್ತಿರ ತೆಲುಗಿನಲ್ಲೇ ಜಗಳ ಆಡುತ್ತಿದ್ದೆ. ದುಬೈಗೆ ಹೋಗಿ ಮರೆತಿದ್ದರೆ ನೆನಪು ಮಾಡಿಕೊ. ಹೈವೇಯಲ್ಲಿ ಗಾಡಿಗೇ ಏನಾದರೂ ಆದರೆ 1033.

ನೋವು ನಿಜವಾದದ್ದೋ ಸುಳ್ಳೋ ಅಂತ ಹೇಗೆ ತಿಳಿಯುವುದು ಅಂತ ಕೇಳುತ್ತೀಯ. ಚೊಚ್ಚಲದವರಿಗೆ ಇದೇ ಕಷ್ಟ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಡಿಲವಾಗುವುದು, ಮತ್ತೆ ಗಟ್ಟಿಯಾಗುವುದು ಗಂಟೆಗೆ ನಾಲ್ಕೈದು ಸಲ ಆಗಿ, ಮಲಗಿದರೂ ನೀರು ಕುಡಿದರೂ ನಿಲ್ಲದಿದ್ದರೆ ಅದು ಗ್ಯಾಸ್ ಅಲ್ಲ. ಸೊಂಟದ ಹಿಂದಿನಿಂದ ಹಿಂಡಿದ ಹಾಗೆ ಬಂದು ಹೋಗುವ ನೋವು, ಒಳಬಟ್ಟೆ ಒದ್ದೆಯಾಗುವುದು, ರಕ್ತ ಕಾಣುವುದು, ಕೂಸಿನ ಓಡಾಟ ಕಡಿಮೆಯಾಗುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಇದರಲ್ಲಿ ಒಂದಿದ್ದರೂ ಸಾಕು. ಜೀರಿಗೆ ಕಷಾಯ ಕುಡಿಸಿ ಒಂದು ಗಂಟೆ ನೋಡೋಣ ಅನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಕಷಾಯ ಕುಡಿ, ಬೇಡ ಅನ್ನುವುದಿಲ್ಲ. ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಕೂತು ಕುಡಿ.

ಕೂಸು ದಾರಿಯಲ್ಲೇ ಬಂದುಬಿಟ್ಟರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕು. ಇನ್ನೇನು ಆಸ್ಪತ್ರೆ ಬಂತು ಅಂತ ಕಾಲು ಜೋಡಿಸಿ ಹಿಡಿಯುವುದು, ತಲೆಯನ್ನು ಒಳಕ್ಕೆ ಒತ್ತುವುದು ನೋಡಿದ್ದೇನೆ. ಬೇಡವೇ ಬೇಡ. ಉಳಿದದ್ದನ್ನು ನಂಗಲಿ ಕತೆಯಲ್ಲಿ ಹೇಳಿದ್ದೇನೆ: ಒರೆಸು, ಎದೆಗೆ ಹಾಕು, ಹೊದಿಸು, ಮೊಲೆಗೆ ಹಿಡಿಸು. ಮಾಸು ತಾನಾಗಿ ಬರಲಿ, ಬಳ್ಳಿ ಹಿಡಿದು ಎಳೆಯಕೂಡದು. ಸ್ನಾನ ಮಾಡಿಸಬಾರದು.

ಎದೆಗೆ ಹಾಕುವುದು ಅಂದೆನಲ್ಲ, ಅದು ಗಾಡಿಯಲ್ಲಿ ಬೇರೆ ಗತಿ ಇಲ್ಲ ಅಂತ ಮಾಡುವುದಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಸನಬ್ರಿಯಾ ಅನ್ನುವ ಡಾಕ್ಟರು ಇನ್‌ಕ್ಯುಬೇಟರ್ ಸಾಲದೆ ಹೋದಾಗ ಇದನ್ನು ಶುರು ಮಾಡಿದ್ದು. ಕಾಂಗರೂ ಆರೈಕೆ ಅನ್ನುತ್ತಾರೆ. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ದಿನ ತುಂಬದ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಮಾಡಿ ಅನ್ನುತ್ತದೆ. ಅಪ್ಪನೂ ಮಾಡಬಹುದು. ಅಳಿಯಂದಿರು ಅಂಗಿ ಬಿಚ್ಚಿ ಕೂಸನ್ನು ಎದೆಗೆ ಕಟ್ಟಿಕೊಂಡು ಕೂತರೆ ನಿಮ್ಮಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾಳೆ. ನಗಲಿ, ಕೂಸು ಬೆಚ್ಚಗಿರುತ್ತದೆ.

ಹಾಗೆಯೇ ಇನ್ನೊಂದು ಮಾತು ಯಾರಾದರೂ ನಿನ್ನ ಕಿವಿಗೆ ಹಾಕುತ್ತಾರೆ: ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯೋಲ್ಲ. ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ದಿನ ಹೆಚ್ಚಿದ್ದಷ್ಟೂ ಕೂಸಿಗೆ ಲಾಭವೇ. ಈ ಮಾತು ನಂಬಿ ಎಂಟರಲ್ಲಿ ಹುಟ್ಟಿದ ಕೂಸಿನ ಆಸೆಯನ್ನೇ ಬಿಟ್ಟು ಮೂಲೆಯಲ್ಲಿ ಮಲಗಿಸಿದ ಮನೆಗೆ ಹೋಗಿ ನಾನು ಜಗಳ ಆಡಿದ್ದೇನೆ. ನಿನಗೊಬ್ಬಳಿಗೇ ಬರುವ ಕಷ್ಟವೂ ಅಲ್ಲ ಇದು. 2020ರಲ್ಲಿ ಪ್ರಪಂಚದಲ್ಲಿ 1.34 ಕೋಟಿ ಕೂಸುಗಳು 37 ವಾರ ತುಂಬುವ ಮೊದಲೇ ಹುಟ್ಟಿದವು ಅಂತ ಲೆಕ್ಕ ಇದೆ. ಹತ್ತಕ್ಕೆ ಒಂದು. ನಮ್ಮ ದೇಶದಲ್ಲೇ 30 ಲಕ್ಷ.

ಗಡಿಯಲ್ಲಿ, ಆಕಾಶದಲ್ಲಿ ಹುಟ್ಟಿದ ಕೂಸುಗಳ ಸುದ್ದಿಯನ್ನು ನಾನು ಪೇಪರಿನಿಂದ ಕತ್ತರಿಸಿಟ್ಟಿದ್ದೇನೆ, ಹಳೇ ಚಟ. 2017ರ ಜೂನಿನಲ್ಲಿ ಸೌದಿಯ ದಮ್ಮಾಮಿನಿಂದ ಕೊಚ್ಚಿಗೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಒಬ್ಬಳಿಗೆ ದಿನ ತುಂಬುವ ಮೊದಲೇ ಹೆರಿಗೆ ಆಯಿತು, ವಿಮಾನವನ್ನು ಮುಂಬೈಗೆ ತಿರುಗಿಸಿದರು. ಪೇಪರಿನವರೆಲ್ಲ ಬರೆದದ್ದು ಕೂಸಿಗೆ ಜೀವನಪೂರ್ತಿ ಪುಕ್ಕಟೆ ಟಿಕೆಟ್ ಕೊಟ್ಟರು ಅಂತ. ನಾನು ಕೆಂಪು ಗೆರೆ ಎಳೆದದ್ದು ವಿಮಾನದಲ್ಲಿ ಒಬ್ಬ ನರ್ಸ್ ಇದ್ದಳು ಅನ್ನುವ ಸಾಲಿಗೆ. 2020ರ ಅಕ್ಟೋಬರಿನಲ್ಲಿ ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಗೋದಲ್ಲೂ ಹಾಗೇ ಆಯಿತು, ಅದರಲ್ಲಿ ಹೆರಿಗೆ ಡಾಕ್ಟರೇ ಪ್ರಯಾಣಿಕರಾಗಿದ್ದರು. ನಿನ್ನ ವಿಮಾನದಲ್ಲಿ ನರ್ಸ್ ಇರುತ್ತಾಳೆ ಅಂತ ಯಾರು ಹೇಳಿದರು?

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೇರಳ ಗಡಿಯ ತಲಪಾಡಿ. 2020ರ ಮಾರ್ಚ್ ಕೊನೆ, ಲಾಕ್‌ಡೌನ್. ನಮ್ಮ ಕಡೆಯವರೇ ಕೇರಳದ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಕಾಸರಗೋಡಿನವರಿಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ಬಿಹಾರದಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಬಸುರಿಯನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಒಯ್ಯುವಾಗ ತಲಪಾಡಿಯಲ್ಲಿ ತಡೆದರು. ವಾಪಸ್ಸು ಹೋಗುವಾಗ ಆಂಬುಲೆನ್ಸಿನಲ್ಲೇ ಹೆತ್ತಳು. ಅವಳೂ ಕೂಸೂ ಉಳಿದರು. ಆ ದಿನಗಳಲ್ಲಿ ದಾರಿ ಸಿಗದೆ ಸತ್ತ ರೋಗಿಗಳೂ ಇದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆಗೆಸಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಆಮೇಲೆ ರೋಗಿಗಳನ್ನು ಬಿಡುವುದಕ್ಕೆ ಒಂದು ಕ್ರಮ ಆಯಿತು. ಅಲ್ಲಿ ಪೊಲೀಸರು ಗಡಿ ಮುಚ್ಚಿದ್ದರು. ನಂಗಲಿಯಲ್ಲಿ ಆ ಮನೆಯವರು ತಾವೇ ತಮ್ಮ ತಲೆಯೊಳಗೆ ಮುಚ್ಚಿಕೊಂಡಿದ್ದರು. 2021ರ ಡಿಸೆಂಬರಿನಲ್ಲಿ ಪಂಜಾಬಿನ ಅಟಾರಿಯಲ್ಲಿ, ಕಾಗದ ಸರಿ ಇಲ್ಲ ಅಂತ ತಿಂಗಳುಗಟ್ಟಲೆ ಸಿಕ್ಕಿಬಿದ್ದ ಪಾಕಿಸ್ತಾನದ ಹಿಂದೂ ಯಾತ್ರಿಕರಲ್ಲಿ ಒಬ್ಬಳು ಹೆತ್ತಳು. ಕೂಸಿಗೆ 'ಬಾರ್ಡರ್' ಅಂತಲೇ ಹೆಸರಿಟ್ಟರು. ನೀನು ದಯವಿಟ್ಟು ನಂಗಲಪ್ಪ ಅಂತ ಇಡಬೇಡ.

ಕಾಗದಪತ್ರದ ಮಾತು ಈಗ, ಇದನ್ನು ಅಳಿಯಂದಿರಿಗೂ ಓದಿ ಹೇಳು. ಕೂಸು ಎಲ್ಲಿ ಹುಟ್ಟಿತೋ ಅಲ್ಲೇ ಜನನ ನೋಂದಣಿ, 21 ದಿನದೊಳಗೆ. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರೇ ಮಾಹಿತಿ ಕಳಿಸುತ್ತಾರೆ. ಪಲಮನೇರಿನಲ್ಲಿ ಹುಟ್ಟಿದರೆ ಆಂಧ್ರದ ಸರ್ಟಿಫಿಕೇಟು ಬರುತ್ತದೆ, ಅದರಿಂದ ಕೂಸಿಗೆ ಕಳೆದುಹೋಗುವುದು ಏನೂ ಇಲ್ಲ. ಗಾಡಿಯಲ್ಲಿ ಹುಟ್ಟಿದರೂ ಕಾನೂನಿದೆ: ಗಾಡಿಯ ಹೊಣೆ ಹೊತ್ತವನು ಅದು ಮೊದಲು ನಿಂತ ಜಾಗದಲ್ಲಿ ಮಾಹಿತಿ ಕೊಡಬೇಕು. ಗಾಡಿ ಅಂದರೆ ಏನೇನು ಅಂತ ನಿಯಮದಲ್ಲಿ ಬರೆದಿರುವುದನ್ನು ಟ್ರೈನಿಂಗಿನಲ್ಲಿ ಓದಿ ನಕ್ಕಿದ್ದೆವು. ವಿಮಾನ, ಹಡಗು, ರೈಲು ಡಬ್ಬಿಯಿಂದ ಹಿಡಿದು ಮೋಟಾರ್‌ಸೈಕಲ್, ಟಾಂಗಾ, ರಿಕ್ಷಾದವರೆಗೆ. ಬರೆದವರು ಊರು ಕಂಡವರು.

ಊರಿನ ಮೇಲಿನ ಆಸೆಗೆ ಸುಳ್ಳು ಬರೆಸಬೇಡಿ. ನನಗೆ ಗೊತ್ತಿದ್ದ ಒಬ್ಬ ತಾತ, ಮದನಪಲ್ಲಿಯಲ್ಲಿ ಹುಟ್ಟಿದ ಮೊಮ್ಮಗನಿಗೆ ಯಾರನ್ನೋ ಹಿಡಿದು ತಮ್ಮ ಹಳ್ಳಿಯ ಹೆಸರಿನಲ್ಲೇ ಸರ್ಟಿಫಿಕೇಟು ಮಾಡಿಸಿದರು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಒಂದೂರು, ಸರ್ಟಿಫಿಕೇಟಿನಲ್ಲಿ ಇನ್ನೊಂದೂರು. ಪಾಸ್‌ಪೋರ್ಟಿಗೆ ಹಾಕಿದಾಗ ಎರಡೂ ಎದುರುಬದುರಾದವು. ಮಗನೂ ಸೊಸೆಯೂ ರಜೆ ಮುಗಿದು ಕೂತು ಕೋರ್ಟು, ಕಚೇರಿ ಅಲೆದರು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖಿನ ದಾಖಲೆ ಅಂದರೆ ಜನನ ಪ್ರಮಾಣಪತ್ರ ಒಂದೇ. ಆದ್ದರಿಂದ ಮೊದಲ ಸಲವೇ ಸರಿಯಾಗಲಿ. ನಿನ್ನ ಹೆಸರು, ಅಳಿಯಂದಿರ ಹೆಸರು ಪಾಸ್‌ಪೋರ್ಟಿನಲ್ಲಿ ಯಾವ ಅಕ್ಷರದಲ್ಲಿದೆಯೋ ಅದೇ ಅಕ್ಷರ.

ಕೂಸಿನ ಹೆಸರಿಗೆ ಅವಸರ ಬೇಡ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದರೆ ಸೇರಿಸುವಾಗ ನಮ್ಮ ಕಡೆಯ ಹಾಗೆ ಒಂಟಿ ಹೆಸರು, ಮುಂದೆ ಒಂದು ಇನಿಷಿಯಲ್ ಹಾಕಿ ಕೈತೊಳೆದುಕೊಳ್ಳಬೇಡಿ. 2022ರ ನವೆಂಬರಿನಲ್ಲಿ ಯು.ಎ.ಇ. ಸರ್ಕಾರದವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರನ್ನು ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಅಂದರಲ್ಲ, ಆಗ ನಮ್ಮ ಬೀದಿಯಲ್ಲೇ ಇಬ್ಬರ ಟಿಕೆಟ್ ಹಾಳಾಯಿತು.

ಇನ್ನೂ ಒಂದು ಲೆಕ್ಕ ಇದೆ, ಇದನ್ನು ಯಾರೂ ಹಾಕುವುದಿಲ್ಲ. ಸಾಮಾನ್ಯ ರೆಸಿಡೆನ್ಸ್ ವೀಸಾ ಇರುವವರು ಆರು ತಿಂಗಳಿಗಿಂತ ಹೆಚ್ಚು ದುಬೈ ಬಿಟ್ಟಿದ್ದರೆ ವೀಸಾ ಬಿದ್ದುಹೋಗುತ್ತದೆ. ನೀನು ಏಳು ತಿಂಗಳು ತುಂಬಿದ ಮೇಲೆ ಬರುತ್ತೀಯ. ದಿನ ತುಂಬಿ ಹೆತ್ತು, ನಿಮ್ಮಮ್ಮನ ಆಸೆಯಂತೆ ಐದು ತಿಂಗಳು ಬಾಣಂತನ ಮಾಡಿಸಿಕೊಂಡರೆ ಲೆಕ್ಕ ಮೀರಿತು. ಬೇಗ ಹುಟ್ಟಿದರೆ ಲೆಕ್ಕಕ್ಕೆ ಅನುಕೂಲ ಅನ್ನಿಸುತ್ತದೆ, ಆದರೆ ಬೇಗ ಹುಟ್ಟಿದ ಕೂಸು ಆಸ್ಪತ್ರೆಯ ನವಜಾತ ಶಿಶು ಘಟಕ ಎಸ್.ಎನ್.ಸಿ.ಯು.ನಲ್ಲಿ ವಾರಗಟ್ಟಲೆ ಇರಬೇಕಾಗಬಹುದು, ಆಮೇಲೆ ಕಣ್ಣು, ಕಿವಿ ತಪಾಸಣೆ, ಪಾಸ್‌ಪೋರ್ಟು, ಅದರ ವೀಸಾ. ಅಳಿಯಂದಿರು ಕ್ಯಾಲೆಂಡರ್ ಮುಂದಿಟ್ಟುಕೊಂಡು ಈಗಲೇ ಕೂರಲಿ. ಅಲ್ಲಿಯ ಇನ್ಶೂರೆನ್ಸ್ ಇಲ್ಲಿಯ ಹೆರಿಗೆಗೆ ಬರುತ್ತದೆಯೋ ಅಂತಲೂ ಕೇಳಿಸು. ಬರದಿದ್ದರೆ ಸರ್ಕಾರಿ ಆಸ್ಪತ್ರೆಯನ್ನು ಮೂಗು ಮುರಿದು ನೋಡಬೇಡ. 2011ರಿಂದ ಅಲ್ಲಿ ಹೆರಿಗೆ, ಔಷಧಿ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ, ಕೋಲಾರದಲ್ಲಾದರೂ ಮದನಪಲ್ಲಿಯಲ್ಲಾದರೂ. ಬಂದ ಎರಡನೇ ದಿನವೇ ಆಶಾ ಕಾರ್ಯಕರ್ತೆಯನ್ನು ಕರೆಸಿ ತಾಯಿ ಕಾರ್ಡ್ ಮಾಡಿಸುತ್ತೇನೆ.

ಚೊಚ್ಚಲ ಹೆರಿಗೆ ತವರಲ್ಲಾಗಬೇಕು ಅನ್ನುವ ಪದ್ಧತಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಏಳನೇ ತಿಂಗಳಿಗೆ ಕರೆತರುವ ಲೆಕ್ಕ ಹುಟ್ಟಿದ್ದು ತವರು ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ ಇದ್ದ ಕಾಲದಲ್ಲಿ. ನಿನಗೆ ನಡುವೆ ಸಮುದ್ರ ಇದೆ. 28 ವಾರ ಆದ ಮೇಲೆ ಬಹಳಷ್ಟು ವಿಮಾನದವರು ಡಾಕ್ಟರ ಚೀಟಿ ಕೇಳುತ್ತಾರೆ, 36 ಆದರೆ ಹತ್ತಿಸುವುದೇ ಇಲ್ಲ, ಅವಳಿ ಇದ್ದರೆ ಇನ್ನೂ ಮುಂಚೆಯೇ. ಬರುವುದಾದರೆ ಈ ತಿಂಗಳೇ ಬಾ. ಇಲ್ಲದಿದ್ದರೆ ಅಲ್ಲೇ ಇರು, ನಿಮ್ಮಮ್ಮನನ್ನು ಕರೆಸಿಕೊ. ಅಲ್ಲಿ ಹುಟ್ಟಿದರೆ ಒಂದು ವರ್ಷದೊಳಗೆ ನಮ್ಮ ಕಾನ್ಸುಲೇಟಿನಲ್ಲಿ ನೋಂದಾಯಿಸಿಬಿಟ್ಟರೆ ಕೂಸು ಭಾರತದ ಪ್ರಜೆಯೇ. ತವರು ಬಿಟ್ಟು ಹೆತ್ತರೆ ಅಪಶಕುನ ಅಂತ ಅಂದರೆ ಆವಣಿ ಬೆಟ್ಟ ತೋರಿಸು. ಸೀತಮ್ಮ ಲವಕುಶರನ್ನು ಹೆತ್ತದ್ದು ಅಲ್ಲೇ ಅಂತ ನಾವೆಲ್ಲ ನಂಬಿದ್ದೇವಲ್ಲ. ಅದು ಅವಳ ತವರೂ ಅಲ್ಲ, ಗಂಡನ ಮನೆಯೂ ಅಲ್ಲ. ಮಕ್ಕಳಾಗಲಿ ಅಂತ ಇವತ್ತಿಗೂ ನಮ್ಮ ಹೆಂಗಸರು ಆ ಬೆಟ್ಟಕ್ಕೇ ಹತ್ತುತ್ತಾರೆ.

ಹರಕೆ ವಿಷಯ ನಿಮ್ಮಮ್ಮನ ಹತ್ತಿರ ಇತ್ಯರ್ಥ ಮಾಡಿದ್ದೇನೆ. ಕಾಣಿಪಾಕಕ್ಕೂ ತಿರುಪತಿಗೂ ಕೂಸನ್ನು ಎತ್ತಿಕೊಂಡೇ ಹೋಗುವುದು, ಮುಡಿಯನ್ನೂ ಅಲ್ಲೇ ಕೊಡುವುದು. ಈ ಸಲಕ್ಕೆ ಕುರುಡುಮಲೆ ಗಣಪತಿ ಸಾಕು, ಮನೆಯಿಂದ ಹತ್ತು ಕಿಲೋಮೀಟರ್. ಅವಳು ಒಪ್ಪಿದಳು, ಮುಖ ಮಾತ್ರ ಇನ್ನೂ ಊದಿಕೊಂಡಿದೆ.

ಟಿಕೆಟ್ ಮಾಡಿಸುವ ಮುಂಚೆ ಮೊದಲನೇ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ನನಗೆ ವಾಟ್ಸ್ಯಾಪ್ ಮಾಡು, ವಾರ ನಾನೇ ಎಣಿಸುತ್ತೇನೆ. ಕೈಚೀಲದಲ್ಲಿ ಎರಡು ಮೆತ್ತನೆಯ ಹಳೇ ಪಂಚೆ, ಎರಡು ಹತ್ತಿ ಟೋಪಿ ಇಟ್ಟುಕೊ. ಉಣ್ಣೆಯದು ಬೇಡ, ಚುಚ್ಚುತ್ತದೆ.

ನಿನ್ನ ದೊಡ್ಡಮ್ಮ